ನಾಕು ಮಗ್ಗಿಗೆ ಒಂದು ಕೊಡ

ಕೂಡ್ಲಿಗಿಯ ನಮ್ಮ ಕೇರಿಯ ಮುಂದೆ ಬೋರಿಂಗು ಬಂದ ಹೊಸತು ಅದು. ನಲ್ಲಿ ನೀರನ್ನು ತಾಲ್ಲೂಕು ಆಫೀಸಿನ ಕಾಂಪೌಂಡಿನಲ್ಲಿ ಕಂಡಿದ್ದೆವೇ ಹೊರತು ಕುಡಿದವರಲ್ಲ. ಬೋರಿಂಗಿನ ಹಿಡಿಕೆ ಕಟಕಟ ಅನ್ನುತ್ತಾ ಮೇಲೆ ಕೆಳಗೆ ಆಡುವ ಸದ್ದಿಗೇ ನಮಗೆ ಬೆಳಗಾಗುತ್ತಿತ್ತು. ಈಗ ಸ್ವಿಚ್ಚು ಒತ್ತಿ ಟ್ಯಾಂಕು ತುಂಬಿಸುವ ನಿಮ್ಮ ರಟ್ಟೆಯಲ್ಲಿ ಆ ಹಿಡಿಕೆಯ ನೆನಪು ಇನ್ನೂ ಉಳಿದಿದ್ದರೆ ನಾನು ಹೇಳುವುದು ನಿಮಗೆ ಬೇಗ ತಿಳಿಯುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ನಾಲ್ಕನೇ ಕ್ಲಾಸು. ಅಪ್ಪ ಹೊಸಪೇಟೆ–ಚಿತ್ರದುರ್ಗ ರೋಡಿನ ಗ್ಯಾಂಗಿನಲ್ಲಿ ಕೂಲಿ. ಭಾನುವಾರ ಮೈ ತಿಕ್ಕಿ ಸ್ನಾನ ಮಾಡಿದರೂ ಡಾಂಬರಿನ ವಾಸನೆ ಅವನನ್ನು ಬಿಡುತ್ತಿರಲಿಲ್ಲ. ಅವ್ವ ಮಾರ್ತಮ್ಮ ಹೊಲದ ಕೂಲಿಗೆ ಹೋಗುತ್ತಿದ್ದಳು. ತಾತನ ಕಾಲದಲ್ಲೇ ನಮ್ಮ ಮನೆತನ ಯೇಸುಸ್ವಾಮಿಯನ್ನು ನಂಬಿತ್ತು. ಕೇರಿಯಲ್ಲಿ ನಮ್ಮಂಥವು ಏಳೆಂಟು ಮನೆ, ಉಳಿದವರು ಹಳೆಯ ದೇವರಿಗೆ ನಡೆದುಕೊಳ್ಳುವವರು. ದೇವರು ಬೇರೆಯಾದರೂ ಊರಿನ ಕಣ್ಣಿಗೆ ನಾವೆಲ್ಲಾ ಒಂದೇ, ಮುಟ್ಟಬಾರದವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದೆಲ್ಲಾ ಇದರ ಮೇಲೇ ನಿಂತಿದೆ.

ಡಿಸೆಂಬರ್ ಬಂತೆಂದರೆ ನಮ್ಮ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ತಗಡಿನ ಪ್ರಾರ್ಥನಾ ಮಂದಿರದ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಹಸಿ ಸುಣ್ಣದ ವಾಸನೆ, ಹುರಿದ ಶೇಂಗಾದ ವಾಸನೆ, ಬೆಲ್ಲದ ಪಾಕದ ವಾಸನೆ ಮೂರೂ ಕೂಡಿದರೆ ಅದೇ ನಮಗೆ ಕ್ರಿಸ್ಮಸ್. ಆ ವರ್ಷ ಅದಕ್ಕೆ ಇನ್ನೊಂದು ಸಡಗರ ಸೇರಿತು. ಭಾನುವಾರದ ಶಾಲೆಯಲ್ಲಿ ನಮಗೆ ಹಾಡು, ಕಥೆ ಕಲಿಸುತ್ತಿದ್ದ ದೇವದಾಸ ಮಾಸ್ತರು ಬಿದಿರಿನ ಸೀಳಿನಲ್ಲಿ ಐದು ಮೂಲೆಯ ದೊಡ್ಡ ನಕ್ಷತ್ರ ಕಟ್ಟಿ ತಂದು ಮಂದಿರದ ತೊಲೆಗೆ ನೇತು ಹಾಕಿದರು. ಬರೀ ಬಿದಿರು, ಕಾಗದವಿಲ್ಲ. ಐದು ಮೂಲೆಗೆ ನಡುವೆ ಒಂದೊಂದು ಸೀಳು ಕೊಟ್ಟು ಹತ್ತು ಮನೆ, ಮಧ್ಯದ್ದೊಂದು, ಒಟ್ಟು ಹನ್ನೊಂದು ಮನೆ. ಕುಂಟಬಿಲ್ಲೆಯ ಮನೆಗಳಿದ್ದ ಹಾಗೆ. ನಾವು ಮಕ್ಕಳೂ ಹನ್ನೊಂದು.

ಮಾಸ್ತರು ಹೇಳಿದ್ದು ಇಷ್ಟು. ಸ್ವಾಮಿಯನ್ನು ಪ್ರೀತಿಸುತ್ತೇವೆಂದು ಹಾಡುವುದು ಸುಲಭ, ಪಕ್ಕದ ಮನೆಯವರನ್ನು ಪ್ರೀತಿಸುವುದು ಕಷ್ಟ. ಕ್ರಿಸ್ಮಸ್ಸಿನೊಳಗೆ ಒಬ್ಬೊಬ್ಬರೂ ಒಂದೊಂದು ಮನೆಯ ನೆರೆಯವರಿಗೆ ಸೇವೆ ಮಾಡಬೇಕು. ಅವರು ನಮ್ಮ ಸಭೆಯವರಾಗಿರಬಾರದು, ನೆಂಟರಾಗಿರಬಾರದು. ಒಬ್ಬರು ಹಿಡಿದ ಮನೆಯನ್ನು ಇನ್ನೊಬ್ಬರು ಹಿಡಿಯಬಾರದು. ಮಾಡಿ ಬಂದು ಹೇಳಿದವರ ಪಾಲಿನ ನಕ್ಷತ್ರದ ಮನೆಗೆ ಬಣ್ಣದ ಕಾಗದ ಅಂಟಿಸಲಾಗುವುದು. ಕ್ರಿಸ್ಮಸ್ ದಿನ ಒಳಗೆ ಕಂದೀಲು ಇಟ್ಟು ನಕ್ಷತ್ರವನ್ನು ಮೇಲೇರಿಸಲಾಗುವುದು.

ಸೇವೆಗೆ ಓಟದ ಪಂದ್ಯ ಇಟ್ಟ ಹಾಗಾಯಿತು. ಪ್ರಾರ್ಥನೆ ಮುಗಿಯುವುದಕ್ಕೂ ಬಿಡದೆ ಹುಡುಗರು ಒಳ್ಳೊಳ್ಳೆ ನೆರೆಯವರನ್ನು ಹಿಡಿಯಲು ಓಡಿದರು. ನಾನೂ ಓಡುತ್ತಿದ್ದೆ. ಆದರೆ ಮರುದಿನವೇ ಅವ್ವ ನನ್ನನ್ನು ಕರೆದುಕೊಂಡು ಹಗರಿಬೊಮ್ಮನಹಳ್ಳಿಯ ಚಿಕ್ಕವ್ವನ ಮನೆಗೆ ಬೀಜದ ಶೇಂಗಾ ಒಡೆಯಲು ಹೊರಟಳು. ವಾರವೆಲ್ಲಾ ಶೇಂಗಾ ಒಡೆದೆವು. ಹೆಬ್ಬೆಟ್ಟಿನ ಸಿಪ್ಪೆ ಎದ್ದರೂ ನನಗೆ ಖುಷಿಯೇ, ಯಾಕೆಂದರೆ ಆ ಕೂಲಿಯಲ್ಲೇ ನನಗೆ ಹಬ್ಬಕ್ಕೆ ಲಂಗ. ಕಡುಗೆಂಪು ಬಣ್ಣ, ಹಳದಿ ಅಂಚು. ಬಸ್ಸಿನಲ್ಲಿ ವಾಪಸು ಬರುವಾಗ ಬಟ್ಟೆಯ ಗಂಟನ್ನು ಮೂಗಿಗೆ ಹಿಡಿದೇ ಕೂತಿದ್ದೆ.

ಊರಿಗೆ ಬಂದು ನೋಡಿದರೆ ನೆರೆಯವರೆಲ್ಲಾ ಖಾಲಿಯಾಗಿದ್ದರು.

ನಮ್ಮ ಓಣಿಯ ಹನುಮಕ್ಕಜ್ಜಿಯನ್ನು ಇಬ್ಬರು ಹುಡುಗಿಯರು ನಾ ಮೊದಲು ತಾ ಮೊದಲು ಎಂದು ಹಿಡಿದು, ಆಕೆಯ ಹಂಡೆ, ಬಿಂದಿಗೆ, ಚರಿಗೆ, ಕೊನೆಗೆ ಕೋಳಿ ಕುಡಿಯುವ ಚಿಪ್ಪಿನವರೆಗೂ ನೀರು ತುಂಬಿಸಿದ್ದರು. ನಿಮ್ಮ ಪ್ರೀತಿ ಸಾಕು, ನನಗ ಅಂಗಳದಾಗ ಕಾಲಿಡಾಕ ಜಾಗ ಬಿಡ್ರಿ ಎಂದು ಅಜ್ಜಿ ಕೈ ಮುಗಿದ ಮೇಲೆ ಒಬ್ಬಳು ಬೇರೆ ಮನೆ ಹುಡುಕಿಕೊಂಡಿದ್ದಳಂತೆ. ನಮ್ಮ ದೊಡ್ಡಪ್ಪನ ಮಗ ಸಮುವೇಲ ಪಕ್ಕದವರ ಆಡುಗಳನ್ನು ಕೇಳದೇ ಬಿಚ್ಚಿಕೊಂಡು ಮೇಯಿಸಲು ಹೋಗಿದ್ದರಿಂದ ಅವರು ಕಳುವಾದವೆಂದು ಗುಡೇಕೋಟೆ ದಾರಿಯ ತನಕ ಹುಡುಕಿ ಬಂದಿದ್ದರು. ಆದರೂ ಅವನ ಮನೆಗೆ ಹಸಿರು ಕಾಗದ ಬಿದ್ದಿತ್ತು. ಒಟ್ಟು ಹತ್ತು ಮನೆಗೆ ಬಣ್ಣ ಬಂದಿತ್ತು. ಬಲಗಡೆಯ ಕೆಳಗಿನ ಮೂಲೆಯಲ್ಲಿ ಒಂದೇ ಒಂದು ಬರಿದಾಗಿತ್ತು. ನನ್ನದು.

“ಯಾರೂ ಉಳಿದಿಲ್ಲಲೇ ಎಸ್ತೇರಿ,” ಅಂದ ಸಮುವೇಲ. “ಬೋರಿಂಗಿನ ಆಕಡೆ ಗೌರಮ್ಮ ಒಬ್ಬಾಕಿ ಅದಾಳ. ಹೋಗು, ಸೇವಾ ಮಾಡು.” ಹೇಳಿ ಬಿದ್ದು ಬಿದ್ದು ನಕ್ಕ.

ಯಾಕೆ ನಕ್ಕನೆಂದರೆ, ಬೋರಿಂಗು ಇದ್ದದ್ದು ನಮ್ಮ ಕೇರಿಗೂ ಬಜಾರದವರ ಮನೆಗಳ ಹಿತ್ತಲಿಗೂ ನಡುವೆ. ಬೆಳಿಗ್ಗೆ ಮೊದಲು ಆ ಕಡೆಯವರ ಪಾಳಿ, ಆಮೇಲೆ ನಮ್ಮದು. ಆ ಕಡೆಯವರು ಮೊದಲು ಹಿಡಿಕೆಗೆ ಒಂದು ಚೊಂಬು ನೀರು ಹುಯ್ದು ತೊಳೆದೇ ಮುಟ್ಟುವರು. ಗೌರಮ್ಮ ಆ ಕಡೆಯ ಮೊದಲ ಮನೆಯವಳು. ಲಿಂಗ ಕಟ್ಟಿದ, ಬಿಳಿ ಕೂದಲಿನ ವಿಧವೆ. ಗಂಡ ತೀರಿಕೊಂಡ ಮೇಲೆ ಅವನ ಕಿರಾಣಿ ಅಂಗಡಿಯಲ್ಲಿ ಹತ್ತು ವರ್ಷ ತಾನೇ ತಕ್ಕಡಿ ಹಿಡಿದು ಕೂತಿದ್ದವಳು. ಆಕೆಯ ಬಲ ಮೊಣಕಾಲು ಮಡಚುತ್ತಿರಲಿಲ್ಲ. ಎಲ್ಲರಿಗಿಂತ ಕೊನೆಗೆ ಕುಂಟುತ್ತಾ ಬಂದು, ಹಿಡಿಕೆಗೆ ಜೋತು ಬಿದ್ದು ಎರಡು ಹಿತ್ತಾಳೆ ಕೊಡ ತುಂಬಿಸಿಕೊಳ್ಳುವಳು. ಅಷ್ಟರಲ್ಲಿ ನಮ್ಮ ಪಾಳಿ ಬಂದಿರುತ್ತಿತ್ತು. ನಾವು ಹತ್ತು ಮಾರು ದೂರ ಖಾಲಿ ಕೊಡ ಹಿಡಿದು ಕಾಯುತ್ತಾ, ಆಕೆ ನಿಧಾನ ಮಾಡಿದಳೆಂದು ಹಲ್ಲು ಕಡಿಯುತ್ತಿದ್ದೆವು.

ನನಗೆ ನಗು ಬರಲಿಲ್ಲ. ಬರಿದಾದ ಮನೆ ಕಣ್ಣಿಗೆ ಚುಚ್ಚುತ್ತಿತ್ತು.

ಮರುದಿನ ಬೆಳಿಗ್ಗೆ ಅವಕಾಶ ತಾನಾಗಿಯೇ ಬಂದ ಹಾಗಾಯಿತು. ಗೌರಮ್ಮ ಎರಡು ಕೊಡಗಳನ್ನು ಬೋರಿಂಗಿನ ಹತ್ತಿರ ಇಟ್ಟಳು, ತಲೆಯ ಮೇಲಿಟ್ಟುಕೊಳ್ಳುವ ಸಿಂಬೆ ಮರೆತು ಬಂದಿದ್ದು ನೆನಪಾಗಿ ಮನೆಗೆ ಕುಂಟುತ್ತಾ ಹೋದಳು. ನಾನು ಹಾರಿ ಬಂದೆ. ಹಿಡಿಕೆಗೆ ನೇತು ಬಿದ್ದು ಹೊಡೆದೆ, ಎರಡೂ ಕೊಡ ತುಂಬಿಸಿದೆ. ಒಂದನ್ನು ಸೊಂಟದ ಮೇಲಿಟ್ಟುಕೊಂಡು ಏದುಸಿರು ಬಿಡುತ್ತಾ ಹೋಗಿ ಆಕೆಯ ಹಿತ್ತಲ ಬಾಗಿಲ ಕಲ್ಲಿನ ಮೇಲೆ ಇಟ್ಟೆ. ಗುಲಾಬಿ ಕಾಗದವೇ ಕೇಳಬೇಕು ಎಂದುಕೊಂಡಿದ್ದೆ.

ಗೌರಮ್ಮ ಸಿಂಬೆ ಹಿಡಿದು ಹೊರಗೆ ಬಂದಳು. ಕೊಡವನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತುಂಬಿದ ಕೊಡವನ್ನು ಕೋಲಿನಿಂದ ದೂಡಿ ಉರುಳಿಸಿದಳು. ಬೋರಿಂಗಿನ ಹತ್ತಿರದ್ದನ್ನೂ ಹಾಗೇ ಉರುಳಿಸಿದಳು. ಒಳಗೆ ಹೋಗಿ ಹುಣಸೆಹಣ್ಣು, ಬೂದಿ ತಂದಳು. ಮಡಚಲಾರದ ಕಾಲನ್ನು ಮುಂದಕ್ಕೆ ಚಾಚಿ ನೆಲದ ಮೇಲೆ ಕೂತು ಎರಡು ಕೊಡಗಳನ್ನೂ ಒಳಗೆ ಹೊರಗೆ ತಿಕ್ಕಿದಳು. ಎದ್ದೇಳಲು ಎರಡು ಸಲ ಗೋಡೆ ಹಿಡಿದಳು, ಎರಡು ಸಲ ಕುಸಿದಳು. ಮತ್ತೆ ಹಿಡಿಕೆ ತೊಳೆದು, ಮತ್ತೆ ತಾನೇ ಹೊಡೆದು, ಮೊದಲಿನಿಂದ ನೀರು ತುಂಬಿಸಿದಳು. ಬಿಸಿಲು ನೆತ್ತಿಗೆ ಬರುವವರೆಗೆ ಆಕೆಯ ಕೆಲಸ ಮುಗಿಯಲಿಲ್ಲ. ಬೇವಿನ ಮರದ ಮರೆಯಲ್ಲಿ ನಿಂತು ನಾನು ಎಲ್ಲವನ್ನೂ ನೋಡಿದೆ.

ಮನೆಗೆ ಬಂದು ಅವ್ವನ ಮುಂದೆ ಕಿರುಚಾಡಿದೆ. ಆಕಿ ಕೆಟ್ಟಾಕಿ, ನಾನಿನ್ನು ಆಕಿ ಕಡಿ ಮಾರಿ ಹಾಕಲ್ಲ ಅಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು.

“ಆಕಿ ನಿನ್ನ ಮುಟ್ಟಲ್ಲ ಅಂದ್ರ ಅದು ಆಕಿ ತಪ್ಪು,” ಅಂದಳು. “ಆಕಿ ಮೊಣಕಾಲು ನೋಯೋದು ಆಕಿ ತಪ್ಪಲ್ಲ. ಎರಡನ್ನೂ ಕಲಸಬ್ಯಾಡ.”

ನಾನು ಸುಮ್ಮನಾಗಲಿಲ್ಲ. ನೀರು ತುಂಬಿಸಿದ್ದು ತಪ್ಪಾ ಎಂದು ಕೇಳಿದೆ.

“ಏನು ಮಾಡ್ಲಿ ಅಂತ ಆಕಿನ್ನ ಕೇಳಿದಿ ಏನು? ಇಲ್ಲ. ನಿನಗ ಬಣ್ಣದ ಕಾಗದ ಬೇಕಾಗಿತ್ತು, ಆಕಿಗೆ ನೀರು ಬೇಕಾಗಿತ್ತು. ನೀ ಕಾಗದದ ಸಲುವಾಗಿ ಓಡಿದಿ. ಪಾಪ, ಇವತ್ತು ಆ ಮುದುಕಿಗೆ ಇದ್ದ ಕೆಲಸ ಎರಡರಷ್ಟಾತು.” ಅಷ್ಟು ಹೇಳಿ ರೊಟ್ಟಿ ತಿರುವಿ ಹಾಕಿದಳು. ಆಮೇಲೆ ತಾನೇ ತನಗೆ ಹೇಳಿಕೊಂಡ ಹಾಗೆ, ಆ ಮನೆಯ ಕಟ್ಟೆಯ ಕೆಳಗೆ ನಿಂತು ನಾನೂ ಬೊಗಸೆ ಒಡ್ಡಿ ನೀರು ಕುಡಿದಾಕಿ, ನನಗೇನು ಸಿಟ್ಟಿಲ್ಲಂತ ತಿಳಿಬ್ಯಾಡ ಅಂದಳು.

ಮೂರನೇ ಕ್ಲಾಸನ್ನೂ ಮುಗಿಸದ ಹೆಂಗಸು ನಮ್ಮವ್ವ. ಮುಂದೆ ಕಾಲೇಜಿನಲ್ಲಿ ದೊಡ್ಡ ದೊಡ್ಡವರ ಭಾಷಣ ಕೇಳಿದ್ದೇನೆ. ಇಷ್ಟು ನೆಟ್ಟಗೆ ಯಾರೂ ಹೇಳಿಲ್ಲ.

ಮಾರನೆಯ ಬೆಳಿಗ್ಗೆ ಹೋದೆ. ಕೈ ಹಿಂದೆ ಕಟ್ಟಿಕೊಂಡು ದೂರ ನಿಂತೆ. ಗೌರಮ್ಮ ಹಿಡಿಕೆ ತೊಳೆಯುತ್ತಿದ್ದಳು.

“ಅಮ್ಮಾರೇ, ನಾ ಏನು ಮಾಡ್ಲಿ ಹೇಳ್ರಿ.”

“ಯಾಕ, ನಿನ್ನೆ ಮಾಡಿದ್ದು ಸಾಲಲಿಲ್ಲೇನು?” ಅಂದಳು ಆಕೆ, ತಿರುಗಿಯೂ ನೋಡದೆ. ಹಿಡಿಕೆಗೆ ಜೋತು ಬಿದ್ದಳು. ಹತ್ತು ಸಲ ಹೊಡೆಯುವುದರೊಳಗೆ ಉಸಿರು ಕಟ್ಟಿತು. ಕಾಲು ಹಿಡಿದುಕೊಂಡು ನಿಂತಳು. ನಾನು ಅಲ್ಲೇ ನಿಂತಿದ್ದೆ. ಬಹಳ ಹೊತ್ತು ನಿಂತಿದ್ದೆ. ಕೊನೆಗೆ ಆಕೆ ಕೊಡವನ್ನು ನೀರು ಬೀಳುವ ಕಡೆ ಸರಿಯಾಗಿ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದಳು.

“ಹಿಡಿಕಿ ಹೊಡಿ. ಕೊಡ ಮುಟ್ಟಬ್ಯಾಡ.”

ಹೊಡೆದೆ. ಆಹಾ, ಹೇಗೆ ಹೊಡೆದೆ! ಹಿಡಿಕೆ ಮೇಲೆ ಹೋದರೆ ನಾನೂ ಅದರ ಸಂಗಡ ಮೇಲೆ, ಕೆಳಗೆ ಬಂದರೆ ಕೆಳಗೆ. ನೀರು ದಬದಬ ಬಿತ್ತು. ಕೊಡ ತುಂಬುವಷ್ಟರಲ್ಲಿ ಆಕೆ ಕೇಳಿದಳು: ಎಷ್ಟು ಹೊಡೆದಿ? ನಾನು ಎಣಿಸಿರಲಿಲ್ಲ. ಎಣಿಸಾಕ ಬರಲ್ಲೇನು, ಸಾಲಿಗೆ ಹೋಗ್ತಿಯೋ ಕೆರಿ ದಂಡಿಗೆ ಹೋಗ್ತಿಯೋ ಅಂದಳು. ನನಗೆ ಅವಮಾನವಾಯಿತು. ಯಾಕೆಂದರೆ ಸಾಲಿಯಲ್ಲಿ ಮಗ್ಗಿ ಬಾರದೆ ವಾರಕ್ಕೆ ನಾಲ್ಕು ದಿನ ಬೆಂಚಿನ ಮೇಲೆ ನಿಲ್ಲುತ್ತಿದ್ದವಳು ನಾನು. ಬಾಯಿ ತಪ್ಪಿ ಅದನ್ನೂ ಹೇಳಿಬಿಟ್ಟೆ.

ಆಕೆ ಎರಡನೆಯ ಕೊಡ ಇಟ್ಟಳು. “ಹಂಗಾರ ಒಂದೊಂದು ಹೊಡತಕ್ಕ ಒಂದೊಂದು ಹೇಳು. ಹನ್ನೆರಡೊಂದ್ಲೆ ಹನ್ನೆರಡು.”

ಹಾಗೆ ಶುರುವಾಯಿತು. ಒಂದು ಹೊಡೆತಕ್ಕೆ ಒಂದು ಸಾಲು. ಹತ್ತು ಹೊಡೆತಕ್ಕೆ ಒಂದು ಮಗ್ಗಿ. ನಾಕು ಮಗ್ಗಿಗೆ ಒಂದು ಕೊಡ ತುಂಬುತ್ತಿತ್ತು. ಹನ್ನೆರಡರಿಂದ ಹದಿನೈದರ ತನಕ ಮೊದಲನೆಯ ಕೊಡ, ಹದಿನಾರರಿಂದ ಹತ್ತೊಂಬತ್ತರ ತನಕ ಎರಡನೆಯದು. ತಪ್ಪಿದರೆ ಆ ಮಗ್ಗಿ ಮತ್ತೆ ಮೊದಲಿನಿಂದ. ಕೊಡ ತುಂಬಿ ಹರಿಯುತ್ತಿದ್ದರೂ ಬಿಡುವಳಲ್ಲ. ಹದಿನೇಳರಲ್ಲಿ ನಾನು ದಿನಾ ಎಡವುತ್ತಿದ್ದೆ. ಹದಿನೇಳಾರ್ಲೆ ನೂರಾ ಎರಡು ಎನ್ನುವುದು ಬಾಯಿಗೆ ಬರುವಷ್ಟರಲ್ಲಿ ಬೋರಿಂಗಿನ ಸುತ್ತ ಕೆಸರಾಗಿ ಹಂದಿಗಳು ಬಂದು ಮಲಗುತ್ತಿದ್ದವು. ಕಾಯುತ್ತಿದ್ದ ನಮ್ಮ ಕೇರಿಯ ಹೆಂಗಸರು, ಮಾರ್ತಿ ಮಗಳು ಹದಿನೇಳು ದಾಟೋ ತನಕ ನಮಗ ನೀರಿಲ್ಲ ಎಂದು ಆಡಿಕೊಂಡರು. ಆಮೇಲಾಮೇಲೆ ಅವರೇ ದೂರದಿಂದ ಉತ್ತರ ಹೇಳಿಕೊಡತೊಡಗಿದರು. ಗೌರಮ್ಮ ಅವರಿಗೂ ಗದರಿದಳು. ಆ ಕಡೆಯ ಹೆಂಗಸು ನಮ್ಮವರ ಜೊತೆ ನೀರಿನ ಪಾಳಿ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಹತ್ತು ದಿನದಲ್ಲಿ ಸಾಲಿಯ ಬೆಂಚು ಇಳಿದೆ. ಅಂದು ಓಡೋಡಿ ಬಂದು, ಅಮ್ಮಾರೇ ಹದಿನೆಂಟರದು ತಪ್ಪದಂಗ ಹೇಳಿದೆ ಅಂದೆ. ಹತ್ತೊಂಬತ್ತರದು ಯಾರು ಹೇಳ್ತಾರ, ನಿಮ್ಮಪ್ಪನೇನು ಅಂದಳು. ಬಾಯಿ ಹಾಗೆ, ಮುಖ ಬೇರೆ ತರಹ ಇತ್ತು.

ಆದರೆ ನಾನು ಹೊಡೆದ ಹಿಡಿಕೆಯ ನೀರನ್ನು ಆಕೆ ಒಯ್ಯುತ್ತಿದ್ದಳೇ ಹೊರತು ನನ್ನ ನೆರಳು ಕೊಡದ ಮೇಲೆ ಬೀಳದ ಹಾಗೆ ನಿಲ್ಲಿಸುತ್ತಿದ್ದಳು. ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ.

ಕ್ರಿಸ್ಮಸ್ ಬಂತು. ನಸುಕಿಗೇ ಅವ್ವ ಎಬ್ಬಿಸಿ ತಲೆಗೆ ನೀರು ಹಾಕಿದಳು. ಕೊಬ್ಬರಿ ಎಣ್ಣೆ, ಎರಡು ಜಡೆ, ಕೆಂಪು ಲಂಗ. ಒಲೆಯ ಮೇಲೆ ಕರ್ಜಿಕಾಯಿ ಕರಿಯುವ ವಾಸನೆ ಓಣಿಯ ಬಾಯಿ ತನಕ ಹೋಗಿತ್ತು. ಲಂಗ ಹಾಕಿಕೊಂಡು ನಾಲ್ಕು ಸಲ ಗಿರಗಿರ ತಿರುಗಿ ಬಿಟ್ಟೆ, ಅದು ಛತ್ರಿಯ ಹಾಗೆ ಬಿಚ್ಚಿಕೊಂಡಿತು. ಮಂದಿರದಲ್ಲಿ ಗಂಟೆಯ ಬದಲಿಗೆ ನೇತು ಹಾಕಿದ್ದ ಕಬ್ಬಿಣದ ಕಂಬಿ ಇನ್ನೂ ಬಾರಿಸಿರಲಿಲ್ಲ. ಬೋರಿಂಗಿಗೆ ಓಡಿದೆ.

“ಇವತ್ತು ನಿಮ್ಮ ಹಬ್ಬ ಅಲ್ಲೇನು? ಬರಲ್ಲ ಅಂತ ಮಾಡಿದ್ದೆ,” ಅಂದಳು ಗೌರಮ್ಮ. ಲಂಗವನ್ನು ಮೇಲಿಂದ ಕೆಳಗೆ ನೋಡಿ ಕೊಡ ಇಟ್ಟಳು.

ಗಾಳಿಯಂತೆ ಹೊಡೆದೆ. ಮೊದಲನೆಯ ಕೊಡ ಆಕೆ ಒಯ್ದಿಟ್ಟು ಬಂದಳು. ಎರಡನೆಯದರ ಹತ್ತೊಂಬತ್ತರ ಮಗ್ಗಿಯಲ್ಲಿರುವಾಗ ಕಂಬಿಯ ಸದ್ದು ಶುರುವಾಯಿತು. ಹತ್ತೊಂಬತ್ತೊಂಬತ್ಲೆ ನೂರಾ ಎಪ್ಪತ್ತೊಂದು ಎನ್ನುವಷ್ಟರಲ್ಲಿ ಕೊಡ ತುಂಬಿತು, ನಾನು ಹಿಡಿಕೆ ಬಿಟ್ಟೆ. ಗೌರಮ್ಮ ಕೊಡವನ್ನು ಎತ್ತಿ ಸೊಂಟಕ್ಕೆ ತರುವಾಗ ಕೆಸರಿನಲ್ಲಿ ಕಾಲು ಜಾರಿತು. ಮೊಣಕಾಲು ಕೈಕೊಟ್ಟಿತು. ಆಕೆ ಹಿಂದಕ್ಕೆ ವಾಲಿದಳು.

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ದೂರ ನಿಲ್ಲುತ್ತಿದ್ದೆನೇನೋ. ಹಾರಿ ಹೋಗಿ ಕೊಡದ ಬುಡಕ್ಕೆ ಎರಡೂ ಕೈ ಕೊಟ್ಟು, ಆಕೆಯ ಸೊಂಟಕ್ಕೆ ನನ್ನ ಹೆಗಲು ಕೊಟ್ಟೆ. ನೀರು ತುಳುಕಿ ನನ್ನ ತಲೆ, ನನ್ನ ಹೊಸ ಲಂಗ, ಆಕೆಯ ಸೀರೆ ಎಲ್ಲಾ ತೊಯ್ದಿತು. ಆಕೆ ಬೀಳಲಿಲ್ಲ. ಆದರೆ ಒಂದೇ ಕೊಡವನ್ನು ನಾವಿಬ್ಬರೂ ಹಿಡಿದು ನಿಂತಿದ್ದೆವು. ಆಕೆಯ ಕೈ ನನ್ನ ಕೈ ಮೇಲೆ ಇತ್ತು. ವಿಭೂತಿಯ ವಾಸನೆ ಬರುತ್ತಿತ್ತು.

ನನಗೆ ಹುಣಸೆಹಣ್ಣು, ಬೂದಿ ಕಣ್ಣಿಗೆ ಬಂತು. ಕೊಡ ಬಿಟ್ಟು ಹಿಂದಕ್ಕೆ ಸರಿದೆ. ಗೌರಮ್ಮ ಓಣಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು, ಅವತ್ತು ಯಾರೂ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದಳು.

“ಹತ್ತೊಂಬತ್ತತ್ಲೆ ಎಷ್ಟು?”

“ನೂರಾ ತೊಂಬತ್ತು.”

“ಮತ್ತ ಯಾಕ ಬಿಟ್ಟಿದ್ದಿ? ಹೋಗು, ನಿಮ್ಮ ಗಂಟಿ ಹೊಡೀತೈತಿ.”

ಕೊಡ ಹೊತ್ತು ಒಳಗೆ ಹೋದಳು. ನಾನು ಹೋಗಲಿಲ್ಲ. ಆಕೆಯ ಬಚ್ಚಲಿನ ನೀರು ಹೊರಗೆ ಬೀಳುವ ತೂತು ಓಣಿಯ ಕಡೆ ಇತ್ತು. ಅದನ್ನೇ ನೋಡುತ್ತಾ ನಿಂತೆ. ಕೊಡ ಉರುಳಿಸಿದರೆ ನೀರು ಅಲ್ಲಿಂದಲೇ ಬರಬೇಕು. ಮಂದಿರದ ಕಂಬಿ ಹೊಡೆದೇ ಹೊಡೆಯುತ್ತಿತ್ತು, ಅತ್ತ ಅವ್ವ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಒದ್ದೆ ಲಂಗ ಕಾಲಿಗೆ ಅಂಟಿ ಚಳಿಗೆ ನಡುಗುತ್ತಿದ್ದೆ. ಕಂಬಿಯ ಸದ್ದು ನಿಂತಿತು. ಆಗಲೂ ಆ ತೂತು ಒಣಗಿಯೇ ಇತ್ತು.

ಅಲ್ಲಿಂದ ಓಡಿದ ಓಟವನ್ನು ನಾನು ಆಮೇಲೆ ಯಾವತ್ತೂ ಓಡಿಲ್ಲ.

ಮಂದಿರದಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ನೀರಿಳಿಯುವ ಜಡೆ, ಕೆಸರಾದ ಲಂಗ. ಅವ್ವ ಹಣೆ ಹಣೆ ಬಡಿದುಕೊಂಡಳು. ನಕ್ಷತ್ರ ಇಳಿಸಿ ಕಂದೀಲು ಸಿಕ್ಕಿಸುತ್ತಿದ್ದರು. ದೇವದಾಸ ಮಾಸ್ತರು ಬರಿದಾದ ಮನೆಯ ಮೇಲೆ ಬೆರಳಿಟ್ಟು, ಗುಲಾಬಿ ಕಾಗದ ಒಂದು ಉಳಿದೈತಿ ಎಸ್ತೇರ, ನೀ ಇನ್ನಾ ಏನೂ ಹೇಳಿಲ್ಲಲ್ಲ ಎಂದು ಕೇಳಿದರು. ಅಂಟು ಕಲಸಿದ ಬಟ್ಟಲು ಪಕ್ಕದಲ್ಲೇ ಇತ್ತು. ಸಮುವೇಲ ಕಿಸಿಕಿಸಿ ನಗುತ್ತಿದ್ದ. ಹೇಳಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಆದರೆ ಹೇಳಿದರೆ ಗೌರಮ್ಮ ಚೆಲ್ಲದೇ ಉಳಿಸಿಕೊಂಡ ನೀರಿನ ಸುದ್ದಿ ಮಧ್ಯಾಹ್ನದೊಳಗೆ ಬಜಾರು ಮುಟ್ಟುತ್ತಿತ್ತು. ಅಷ್ಟೇ ಅಲ್ಲ, ನಾಳೆಯೂ ಆಕೆಗೆ ಎರಡು ಕೊಡ ನೀರು ಬೇಕಿತ್ತು.

“ಇನ್ನಾ ಮುಗಿದಿಲ್ರಿ ಸರ್,” ಅಂದೆ.

ಮಾಸ್ತರು ಒಂದು ಗಳಿಗೆ ನನ್ನನ್ನು ನೋಡಿ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ನಕ್ಷತ್ರ ಮೇಲೇರಿತು. ಹತ್ತು ಮನೆಯಲ್ಲಿ ಹಸಿರು, ಹಳದಿ, ನೀಲಿ ಬೆಳಕು. ಒಂದು ಮನೆಯಿಂದ ಕಂದೀಲಿನ ದೀಪವೇ ನೇರ ಕಾಣುತ್ತಿತ್ತು. ಅದರಡಿ ಕೂತು ಹಾಡಿದೆ, ಗಂಟಲು ಬಿಚ್ಚಿ ಹಾಡಿದೆ. ಕರ್ಜಿಕಾಯಿ ಎಷ್ಟು ತಿಂದೆನೋ ಲೆಕ್ಕವಿಲ್ಲ.

ಹೊಸಪೇಟೆಯ ಹಾಸ್ಟೆಲಿಗೆ ಹೋಗುವ ತನಕ ಆರು ವರ್ಷ ಆ ಹಿಡಿಕೆ ಹೊಡೆದೆ. ಗೌರಮ್ಮ ನನ್ನನ್ನು ಮನೆಯೊಳಗೆ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಹತ್ತನೇ ಕ್ಲಾಸಿನ ಫಲಿತಾಂಶ ಬಂದ ದಿನ ತನ್ನ ಹಿತ್ತಲ ಕಲ್ಲಿನ ಮೇಲೆ ನಿಂತು, ಲೆಕ್ಕದಾಗ ಎಷ್ಟು ಎಂದು ಕೂಗಿ ಕೇಳಿದಳು. ಎಂಬತ್ತೆಂಟು ಅಂದೆ. “ಉಳಿದ ಹನ್ನೆರಡು ಎಲ್ಲಿ ಚೆಲ್ಲಿದಿ?” ಅಂದಳು. ನಾನು ಬಿ.ಎಸ್ಸಿ. ಗಣಿತದಲ್ಲಿ ಪಾಸಾದಾಗ ಕೇಳಲು ಆಕೆ ಇರಲಿಲ್ಲ. ನಮ್ಮ ಕೇರಿಯ ಮೊದಲ ಪದವಿ ಅದು. ಅಪ್ಪ ಪದವಿಯ ಕಾಗದವನ್ನು ಡಾಂಬರಿನ ಕೈಯಲ್ಲಿ ಮುಟ್ಟಲು ಹೆದರಿ, ಕೈ ತೊಳೆದು ಬಂದು ಮುಟ್ಟಿದ.

ಈಗ ಕೂಡ್ಲಿಗಿಗೆ ಹೋದರೆ ಬೋರಿಂಗು ಇದ್ದ ಜಾಗದಲ್ಲಿ ಸಿಮೆಂಟಿನ ರಸ್ತೆ ಇದೆ. ಎರಡೂ ಕಡೆ ಮನೆ ಮನೆಗೆ ನಲ್ಲಿ ಬಂದಿದೆ. ಯಾರೂ ಹಿಡಿಕೆ ತೊಳೆಯುವುದಿಲ್ಲ, ಯಾರೂ ದೂರ ನಿಂತು ಕಾಯುವುದಿಲ್ಲ. ಹೋದದ್ದಕ್ಕೆ ನಾನು ಅಳುವವಳಲ್ಲ, ಹೋಗಬೇಕಾದದ್ದೇ ಅದು. ಆದರೆ ಅದರ ಸಂಗಡ ಇನ್ನೇನೋ ಹೋಯಿತು. ಹೊಸಪೇಟೆಯ ನನ್ನ ಮನೆಯ ಗೇಟಿನ ಮೇಲೆ ನನ್ನ ಹೆಸರನ್ನೂ ಪದವಿಯನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದೇನೆ. ಪಕ್ಕದ ಗೇಟಿನವರಿಗೆ ಯಾವ ಕಾಲು ನೋಯುತ್ತದೆಂದು ನನಗೆ ಗೊತ್ತಿಲ್ಲ. ನೆರೆಯವರು ಖಾಲಿಯಾಗಿಬಿಟ್ಟರೆಂದು ಅಳುವ ಮಕ್ಕಳೂ ಈಗ ಇಲ್ಲ.

ಹೋದ ವರ್ಷ ಮೊಮ್ಮಗಳು ಅಂಗಡಿಯಿಂದ ಕ್ರಿಸ್ಮಸ್ ನಕ್ಷತ್ರ ತಂದು ಮಹಡಿಗೆ ಕಟ್ಟಿದಳು. ಒಳಗೆ ಬಲ್ಬು, ಸುತ್ತ ಪ್ಲಾಸ್ಟಿಕ್ಕು, ಮೂಲೆಮೂಲೆಗೂ ಬಣ್ಣ. ಚೆಂದ ಐತಿಲ್ಲಜ್ಜಿ ಅಂದಳು. ಚೆಂದ ಇತ್ತು. ನಾನು ಬಲಗಡೆಯ ಕೆಳಗಿನ ಮೂಲೆಯನ್ನೇ ಬಹಳ ಹೊತ್ತು ನೋಡಿದೆ. ಅದೂ ತುಂಬಿತ್ತು.